ಐದನೆಯ ಎಲೆ

ಗೌರಿಬಿದನೂರಿನ ಕ್ಲಬ್ಬಿನಲ್ಲಿ
ಇಪ್ಪತ್ತಾರು ವರ್ಷ ಟೀ ಕೊಟ್ಟವನು ನಾನು.
ರಮ್ಮಿಯ ಮಾತೆಲ್ಲ ಬಲ್ಲೆ: ಕಟ್ ಜೋಕರ್, ಡ್ರಾಪು, ಸ್ಕೂಟು,
ಇನ್ನೊಂದೇ ಎಲೆ ಬೇಕಾದವನ ಕಾಲು
ಮೇಜಿನ ಕೆಳಗೆ ಕುಣಿಯುವ ರೀತಿ.
ಆಡಿದ್ದು ಮಾತ್ರ ಇಲ್ಲ.

ಪಶು ಆಸ್ಪತ್ರೆಯ ಹೊಸ ಡಾಕ್ಟರಮ್ಮ, ಲವೀನಾ,
ಕಾರ್ಕಳದ ಕಡೆಯವರು,
ಒಂದು ಸಂಜೆ ಗಮ್‌ಬೂಟಿನಲ್ಲೇ ಒಳಗೆ ಬಂದು
"ಪೋಕರ್ ಕಲಿಸಲಾ?" ಅಂದರು.
ದುಡ್ಡು ಬೇಡ, ಹುಣಸೆಬೀಜ ಸಾಕು.
ಹತ್ತು ಹುಣಸೆಗೆ ಒಂದು ಹೊಂಗೆ.

ಎರಡೆರಡು ಎಲೆ ಕೈಗೆ, ಗುಟ್ಟಾಗಿ.
ಉಳಿದವು ನಡುವೆ, ಎಲ್ಲರ ಸೊತ್ತು.
ಮೊದಲ ಮೂರು ಒಟ್ಟಿಗೆ ಬಿದ್ದರೆ ಫ್ಲಾಪ್.
"ಶುರುವಿಗೇ ಫ್ಲಾಪಾ?" ಅಂದರು
ಟೆಂಟ್ ಸಿನಿಮಾದಲ್ಲಿ ಪಾಲು ಹಾಕಿ ಕೈ ಸುಟ್ಟುಕೊಂಡಿದ್ದ ಶೆಟ್ಟರು.
ನಾಲ್ಕನೆಯದು ಟರ್ನ್.
ಐದನೆಯದಕ್ಕೆ, ಕೊನೆಯದಕ್ಕೆ, ರಿವರ್. ನದಿ.

ಯಾರೂ ಮಾತಾಡಲಿಲ್ಲ.
ಕ್ಲಬ್ಬಿನ ಹಿಂದೆಯೇ ಉತ್ತರ ಪಿನಾಕಿನಿ:
ಸೇತುವೆ ಇದೆ, ಬೋರ್ಡು ಇದೆ,
ಸೀಮೆಜಾಲಿ ಇದೆ, ಹುಡುಗರ ಕ್ರಿಕೆಟ್ ಪಿಚ್ ಇದೆ.
"ಆ ಒಂದೆಲೆ ನಮ್ಮೂರಲ್ಲಿ ಬೀಳಲ್ಲಮ್ಮ" ಅಂದರು ಬಯ್ಯಪ್ಪರೆಡ್ಡಿ,
ಸೊಸೈಟಿಯ ರಿಟೈರ್ಡ್ ಸೆಕ್ರೆಟರಿ.

ಮಾತುಗಳು ಒಂದೊಂದೇ ಒಗ್ಗಿದವು.
ಫೋಲ್ಡ್ ಅಂದರೆ ಟೈಲರ್ ಖಲಂದರ್ ಸಾಬರು
ಅಂಚಿಗೆ ಅಂಚು ಕೂಡಿಸಿ ಎಲೆ ಕೆಳಗಿಡುವರು,
ಗಿರಾಕಿ ಬರದೆ ಉಳಿದ ಷರಟಿನ ಹಾಗೆ.
ಚೆಕ್ ಅಂದರೆ ರೆಡ್ಡಿಯವರಿಗೆ ಬೌನ್ಸಾಗುವ ಭಯ.
ಫ್ಲಶ್ ಅಂದ ದಿನ ಎಲ್ಲರೂ ಕಕ್ಕಸಿನ ಕಡೆ ನೋಡಿದರು.
ಬ್ಲಫ್ ಮಾತ್ರ ಕಲಿಸಬೇಕಾಗಲಿಲ್ಲ; ಶೆಟ್ಟರು
ಹಿಂದೆ ಮೂಟೆ ಇಟ್ಟುಕೊಂಡೇ "ಸಕ್ಕರೆ ಇಲ್ಲ" ಅಂತ
ಮೂವತ್ತು ವರ್ಷ ಅಂದವರು.
"ಟೆಲ್ ಅಂದ್ರೇನಮ್ಮ?"
"ಒದೆಯೋ ಮುಂಚೆ ಹಸುವಿನ ಕಿವಿ ಹಿಂದಕ್ಕೆ ಹೋಗುತ್ತಲ್ಲ, ಅದು."
ಅವತ್ತಿನಿಂದ ಒಬ್ಬರ ಕಿವಿ ಒಬ್ಬರು ನೋಡುತ್ತ ಕೂತರು.
ರೈಸ್ ಅಂದರೆ ಅನ್ನ ನೆನಪಾಗುತ್ತೆ ಅಂತ
ಅದೊಂದನ್ನು ಕನ್ನಡಕ್ಕೆ ತಂದುಕೊಂಡರು: ಏರು.
ಏರು ಐದು. ಏರು ಹತ್ತು.

ಆಮೇಲೆ ಆ ಅಕ್ಟೋಬರ್ ರಾತ್ರಿ.
ನಾಲ್ಕು ಎಲೆ ತೆರೆದಿವೆ.
ಎರಡು ಜಾಮೀನಿಲ್ಲದೆ ಯಾವ ಸಾಲಕ್ಕೂ ಸಹಿ ಹಾಕದ ರೆಡ್ಡಿಯವರು
ಬೀಜದ ರಾಶಿಯನ್ನೆಲ್ಲ ಎರಡೂ ಕೈಯಲ್ಲಿ ತಳ್ಳಿ
"ಆಲ್ ಇನ್" ಅಂದರು. ಕಿವಿ ಅಲುಗಲಿಲ್ಲ.
ಸಾಬರು, ಅವತ್ತು ಮಡಚದೆ, ಕಾಲ್ ಅಂದರು.
ಡಾಕ್ಟರಮ್ಮ ಐದನೆಯದನ್ನು ಬೋರಲು ಇಟ್ಟು
ಇನ್ನೇನು ತಿರುಗಿಸಬೇಕು,

ಹೊರಗೆ ಒಬ್ಬ ಹುಡುಗ ಕೂಗಿಕೊಂಡು ಓಡಿದ:
"ಏರೊಚ್ಚಿಂದಿ! ಏರೊಚ್ಚಿಂದಿ!"
"ಇನ್ನೆಲ್ಲಿ ಏರಿಸ್ಲೋ, ಎಲ್ಲ ತಳ್ಳಿದೀನಲ್ಲ" ಅಂದರು ರೆಡ್ಡಿ,
ಮನೆಮಾತು ತೆಲುಗೇ ಆದವರು.
ಆ ಮಾತನ್ನು ಅಷ್ಟು ವರ್ಷ ಯಾರೂ ಕೂಗಿರಲಿಲ್ಲ.
ಅರ್ಥವಾಗಲು ಒಂದು ಉಸಿರು ಹಿಡಿಯಿತು.
ಹೊಳೆ.
ಹೊಳೆ ಬಂದಿದೆ.

ಎರಡು ಕುರ್ಚಿ ಬಿದ್ದವು.
"ಗಂಗುಲಪ್ಪ, ಮೇಜು ನೋಡ್ಕೋ."
ಹುಣಸೆಬೀಜಕ್ಕೆ ಕಾವಲು ಕೂತೆ.
ದೂರದಲ್ಲಿ ಸದ್ದು, ಯಾರೋ ಗೋಣಿ ಎಳೆದಂತೆ,
ಆಮೇಲೆ ಇಡೀ ಸಂತೆಯ ಗೋಣಿ ಎಳೆದಂತೆ.
ಎಲೆಯ ಮೂಲೆ ಎತ್ತಿ ನೋಡಿದೆ.
ಕಳಾವರ್ ಏಳು.
ಅದು ಯಾರಿಗೆ ಬೇಕಿತ್ತೆಂದು ನನಗೆ ಗೊತ್ತು;
ಟೀ ಕೊಡುವವನಿಗೆ ಎಲ್ಲರ ಬೆನ್ನಿನ ಹಿಂದಿನಿಂದ ಎಲೆ ಕಾಣುತ್ತದೆ.

ಹನ್ನೊಂದಕ್ಕೆ ಬಂದರು, ಮೊಣಕಾಲ ತನಕ ಒದ್ದೆ.
ಶೆಟ್ಟರ ಒಂದು ಚಪ್ಪಲಿ ಹೊಳೆಗೆ ಹೋಗಿತ್ತು;
ನಾಲ್ಕು ಸಲ ಹೇಳಿದರು, ಲಾಭ ಬಂದವರಂತೆ.
"ನಮ್ಮೂರಲ್ಲಿ ಇದನ್ನು ತೋಡು ಅಂತೇವೆ" ಎಂದು ನಕ್ಕ ಡಾಕ್ಟರಮ್ಮ
ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.
ಆಟ ಯಾರಿಗೂ ನೆನಪಿರಲಿಲ್ಲ.
ಬೀಜ ಡಬ್ಬಕ್ಕೆ ಸುರಿದೆ. ಎಲೆ ಕಲೆಸಿದೆ.

ಎಲ್ಲರೂ ಹೋದ ಮೇಲೆ ರೆಡ್ಡಿಯವರು ಬಾಗಿಲಲ್ಲಿ ನಿಂತರು.
"ಅದು ಏನಿತ್ತೋ?"
"ನೋಡಲಿಲ್ಲ ಸಾರ್" ಅಂದೆ.
ಅವರು ನನ್ನ ಕಿವಿಯನ್ನು ನೋಡಿದರು.